ಆ ಹುಡುಗಿಯ ಹೆಸರೇನು? ‘ಡಾಕ್ಟರ್ ಹೂ’ ಶೋರನ್ನರ್‌ಗಳ ಹೋಲಿಕೆ

ಗಾಂಧಿ ಬಜಾರಿನಲ್ಲಿ ನಾವು ನಾಲ್ಕು ಜನ ಗೆಳೆಯರು ಕಾಫಿಗೆ ಸೇರಿದರೆ ಮಾತು ‘ಡಾಕ್ಟರ್ ಹೂ’ಗೇ ಬಂದು ನಿಲ್ಲುತ್ತದೆ. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ, ಬೇರೆ ಲೋಕದ ‘ಡಾಕ್ಟರ್’ನ ಕಥೆ ಹೇಳುವ ಬ್ರಿಟಿಷ್ ಟಿವಿ ಸರಣಿ ಅದು. ಇಡೀ ಸರಣಿಯ ಬರವಣಿಗೆಯ ಹೊಣೆ ಹೊತ್ತ ಶೋರನ್ನರ್‌ಗಳಲ್ಲಿ ರಸೆಲ್ ಟಿ ಡೇವಿಸ್ ಮೇಲೋ, ಸ್ಟೀವನ್ ಮೊಫಾಟ್ ಮೇಲೋ? ಕ್ರಿಸ್ ಚಿಬ್ನಲ್ ಸರಣಿಯನ್ನು ಕೆಡಿಸಿದರೋ ಇಲ್ಲವೋ? 2025ರ ಮೇ 31ರಂದು ಆ ವರ್ಷದ ಸೀಸನ್ನಿನ ಕೊನೆಯ ಕಂತು ಬಂದ ಮೇಲೆ ವಾದ ಜಗಳಕ್ಕೇ ತಿರುಗಿತು. ವಿಜಯನಗರದ ಗೆಳೆಯ ಎರಡು ವಾರ ಮಾತು ಬಿಟ್ಟ. ನನಗೆ ನಿಜಕ್ಕೂ ಬೇಜಾರಾಯಿತು.

ಅದಕ್ಕೇ ಮಳೆಗಾಲದ ನಾಲ್ಕು ಶನಿವಾರ ಒಂದೊಂದು ಕಾಲದ ಒಂದೊಂದು ಕಂತನ್ನು ಆರಿಸಿ ಅಮ್ಮನ ಜೊತೆ ಕೂತು ಮತ್ತೆ ನೋಡಿದೆ. ಅಮ್ಮ ಈ ಸರಣಿಯನ್ನು ನೋಡಿದವರೇ ಅಲ್ಲ. ಅವರಿಗೆ ಯಾರ ಪಕ್ಷವೂ ಇಲ್ಲ. ಅರ್ಥವಾಗದ ಕಡೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದೆ. ಡಾಕ್ಟರ್ ಸಾಯುವ ಹೊತ್ತಿಗೆ ಮುಖ ಬದಲಾಗಿ ಬೇರೆ ನಟ ಬರುತ್ತಾರೆ ಅಂದಾಗ ಅವರಿಗೆ ಏನೂ ವಿಚಿತ್ರ ಅನಿಸಲಿಲ್ಲ. ನಮ್ಮ ಧಾರಾವಾಹಿಗಳಲ್ಲಿ ನೋಡಿ ಅಭ್ಯಾಸ ಇದೆಯಲ್ಲ.

ಸರಣಿ ಶುರುವಾದದ್ದು 1963ರ ನವೆಂಬರ್ 23ರಂದು. ಆ ಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಹುಟ್ಟಿದ್ದು ಲಖನೌದಲ್ಲಿ. 1989ರಲ್ಲಿ ನಿಂತುಹೋಗಿದ್ದ ಸರಣಿಗೆ 2005ರಲ್ಲಿ ಮತ್ತೆ ಜೀವ ಕೊಟ್ಟವರು ಡೇವಿಸ್. 2010ರಿಂದ 2017ರವರೆಗೆ ಮೊಫಾಟ್, 2018ರಿಂದ 2022ರವರೆಗೆ ಚಿಬ್ನಲ್. 2023ರಲ್ಲಿ ಡೇವಿಸ್ ಮತ್ತೆ ಬಂದರು.

ಮೊದಲ ಶನಿವಾರ ಡೇವಿಸ್ ಅವರೇ ಬರೆದ, 2008ರ ‘ಮಿಡ್‌ನೈಟ್’. ಪ್ರವಾಸಿಗರ ಒಂದು ಗಾಡಿ, ಒಳಗೆ ಕೆಲವೇ ಜನ. ಹೊರಗೆ ಕಾಲಿಟ್ಟರೆ ಸಾವು. ಗಾಡಿ ದಾರಿ ಮಧ್ಯೆ ಕೆಟ್ಟು ನಿಲ್ಲುತ್ತದೆ. ಕಾಣದ ಏನೋ ಒಂದು ಒಬ್ಬ ಹೆಂಗಸಿನೊಳಗೆ ಸೇರಿ, ಬೇರೆಯವರ ಮಾತನ್ನೇ ತಿರುಗಿ ಹೇಳಲು ಶುರು ಮಾಡುತ್ತದೆ. ರಾಕ್ಷಸನ ಮುಖವನ್ನು ತೋರಿಸುವುದೇ ಇಲ್ಲ. ತೋರಿಸುವುದು ಭಯಪಟ್ಟ ಜನರನ್ನು. ನಗುತ್ತಾ ಹರಟಿದವರೇ ಸ್ವಲ್ಪ ಹೊತ್ತಿಗೆ ಡಾಕ್ಟರನ್ನು ಹೊರಗೆ ಎಸೆಯಲು ಎಳೆದಾಡುತ್ತಾರೆ. ಸಿಲ್ಕ್ ಬೋರ್ಡ್ ಹತ್ತಿರ ಕೆಟ್ಟು ನಿಂತ ಬಸ್ಸಿನಲ್ಲಿ ಒಮ್ಮೆ ಸಿಕ್ಕಿಹಾಕಿಕೊಂಡಿದ್ದೆ. ಜನರ ದನಿ ಸ್ವಲ್ಪಸ್ವಲ್ಪವೇ ಏರುವ ರೀತಿ ನನಗೆ ಗೊತ್ತು. ಡೇವಿಸ್ ಅದನ್ನು ಹಾಗೆಯೇ ಹಿಡಿದಿದ್ದಾರೆ.

ಕೊನೆಗೆ ಎಲ್ಲರನ್ನೂ ಉಳಿಸಲು ಪ್ರಾಣ ಕೊಡುವವಳು ಜ್ಯೂಸು, ತಿಂಡಿ ಹಂಚುತ್ತಿದ್ದ ಗಾಡಿಯ ಹುಡುಗಿ. ಅವಳ ಹೆಸರೇನು ಎಂದು ಡಾಕ್ಟರ್ ಕೇಳುತ್ತಾನೆ. ಯಾರಿಗೂ ಗೊತ್ತಿಲ್ಲ. ಅಮ್ಮ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, “ನಮ್ಮನೆಗೆ ಹಾಲು ಹಾಕುವ ಹುಡುಗನ ಹೆಸರು ನಿಂಗೊತ್ತಾ?” ಎಂದರು. ನನಗೆ ಗೊತ್ತಿರಲಿಲ್ಲ.

ಎರಡನೇ ಶನಿವಾರ ಮೊಫಾಟ್ ಬರೆದ ‘ಹೆವನ್ ಸೆಂಟ್’, 2015ರದ್ದು. ಹೆಚ್ಚುಕಡಿಮೆ ಇಡೀ ಕಂತನ್ನು ಪೀಟರ್ ಕಪಾಲ್ಡಿ ಒಬ್ಬರೇ ಹೊರುತ್ತಾರೆ. ವಜ್ರಕ್ಕಿಂತ ಗಟ್ಟಿಯಾದ ಗೋಡೆಗೆ ಗುದ್ದಿ, ಸತ್ತು, ಮತ್ತೆ ಮೊದಲಿನಿಂದ ಬಂದು ಗುದ್ದುತ್ತಾನೆ ಡಾಕ್ಟರ್. 400 ಕೋಟಿ ವರ್ಷ ದಾಟಿದರೂ ಬಿಡುವುದಿಲ್ಲ. ಅಮ್ಮನಿಗೆ ಕಲ್ಪಗಳ ಲೆಕ್ಕ ಹೊಸದೇನಲ್ಲ. ಹಾಗಾಗಿ ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಗೆಳತಿಯನ್ನು ಕಳೆದುಕೊಂಡ ದುಃಖವನ್ನು ಒಂದು ಕೋಟೆಯ ಆಕಾರಕ್ಕೆ ತಂದ ಈ ಕೆಲಸಕ್ಕೆ ಸಾಟಿ ಇಲ್ಲ. ಬಿಡಿ ಕಂತು ಅಂತ ಬಂದರೆ ನನ್ನ ಓಟು ಇದಕ್ಕೇ. ಆದರೆ ಮೊಫಾಟ್ ಅವರ ಇಡೀ ಸೀಸನ್ ನೋಡುವಾಗ ಒಗಟು ಜಾಸ್ತಿಯಾಗಿ ಮನುಷ್ಯರು ಹಿಂದೆ ಸರಿಯುತ್ತಾರೆ. 2011ರ ಸೀಸನ್ ನನಗೆ ಈಗಲೂ ಭಾರ. ಇನ್ನೊಂದು ಮಾತು. ಮೊಫಾಟ್ ಪಕ್ಷದವರು ಮೊದಲು ಎತ್ತುವ ‘ಬ್ಲಿಂಕ್’ ಬಂದದ್ದು 2007ರಲ್ಲಿ. ಬರೆದವರು ಮೊಫಾಟ್, ಶೋರನ್ನರ್ ಡೇವಿಸ್. ಆ ಅಂಕವನ್ನು ಯಾರ ಖಾತೆಗೆ ಹಾಕುವುದು?

ಚಿಬ್ನಲ್ ಕಾಲದಿಂದ ಆರಿಸಿದ್ದು 2018ರ ‘ಡೀಮನ್ಸ್ ಆಫ್ ದ ಪಂಜಾಬ್’. ಇದನ್ನೂ ಚಿಬ್ನಲ್ ಬರೆದಿಲ್ಲ, ವಿನಯ್ ಪಟೇಲ್ ಬರೆದಿದ್ದಾರೆ. 1947ರ ಆಗಸ್ಟ್, ದೇಶ ಒಡೆಯುವ ಹೊತ್ತು. ಹಿಂದೂ ಪ್ರೇಮ್, ಮುಸ್ಲಿಂ ಉಂಬ್ರೀನ್ ಮದುವೆಯಾಗುತ್ತಾರೆ. ಪ್ರೇಮ್‌ನ ಕೈಗಡಿಯಾರ ಬಿದ್ದು ಒಡೆದು ನಿಲ್ಲುತ್ತದೆ. ಆ ಗಡಿಯಾರವನ್ನು ಅವಳು ಎಂದೂ ರಿಪೇರಿ ಮಾಡಿಸುವುದಿಲ್ಲ. ಡಾಕ್ಟರ್ ಇಲ್ಲಿ ಯಾರನ್ನೂ ಉಳಿಸುವಂತಿಲ್ಲ, ಬೆನ್ನು ತಿರುಗಿಸಿ ನಡೆದು ಹೋಗಬೇಕು. ಜೋಡಿ ವಿಟ್ಟಾಕರ್ ಅವರ ಡಾಕ್ಟರ್ ಸುಮ್ನೆ ನೋಡುತ್ತಾ ನಿಲ್ಲುತ್ತಾರೆ ಎಂದು ಜಯನಗರದ ಗೆಳತಿ ಯಾವಾಗಲೂ ದೂರುತ್ತಾಳೆ. ಬೇರೆ ಕಡೆ ಆ ದೂರು ನಿಜ. ಇಲ್ಲಿ ಆ ನಡಿಗೆಯೇ ಕಥೆ. ಅಮ್ಮ ಅತ್ತದ್ದು ಈ ಒಂದು ಕಂತಿಗೆ. ಚಿಬ್ನಲ್ ಪೆನ್ನನ್ನು ಇನ್ನೊಬ್ಬರಿಗೆ ಕೊಟ್ಟಾಗ ಒಳ್ಳೆಯ ಶೋರನ್ನರ್. ತಾವೇ ಬರೆದ 2020ರ ‘ದ ಟೈಮ್‌ಲೆಸ್ ಚಿಲ್ಡ್ರನ್’ನಲ್ಲಿ ಡಾಕ್ಟರ್ ಹುಟ್ಟಿನ ಗುಟ್ಟನ್ನು ನಿಂತಲ್ಲೇ ನಿಂತು ಕೇಳಿಸಿಕೊಳ್ಳಬೇಕು. ಅದು ಪಾಠದ ಹಾಗೆ ಆಯಿತು.

ನಾಲ್ಕನೆಯದು ಡೇವಿಸ್ ಮರಳಿದ ಮೇಲಿನ ‘73 ಯಾರ್ಡ್ಸ್’, 2024. ಡಾಕ್ಟರನ ಜೊತೆಗಾತಿ ರೂಬಿ ಎಲ್ಲಿ ಹೋದರೂ 73 ಗಜ ದೂರದಲ್ಲಿ ಒಬ್ಬ ಮುದುಕಿ ನಿಂತಿರುತ್ತಾಳೆ. ಅಂದರೆ ಸುಮಾರು 67 ಮೀಟರ್. ಮರುದಿನ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಅಷ್ಟು ದೂರ ಅಳೆದು ಅಮ್ಮನನ್ನು ನಿಲ್ಲಿಸಿ ನೋಡಿದೆ. ಸೀರೆಯ ಬಣ್ಣ ಕಂಡಿತು, ಕೈ ಬೀಸಿದ್ದು ಕಂಡಿತು. ಮುಖದಲ್ಲಿ ನಗು ಇದೆಯೋ ಸಿಟ್ಟಿದೆಯೋ ತಿಳಿಯಲಿಲ್ಲ. ಅಮ್ಮನೇ ಅಂತ ಗೊತ್ತಿದ್ದೂ ಒಂದು ಕ್ಷಣ ಮೈ ಜುಂ ಅಂದಿತು. ಇಷ್ಟು ಸರಿಯಾಗಿ ಅಳೆದು ಹೆದರಿಸುವ ಶಕ್ತಿ ಡೇವಿಸ್ ಅವರಲ್ಲಿ ಇನ್ನೂ ಇದೆ.

ಹಾಗಿದ್ದೂ ನನ್ನ ದೊಡ್ಡ ನೋವು ಇರುವುದು ಅವರ ಮೇಲೆಯೇ. 2025ರಲ್ಲಿ ವರದಾ ಸೇತು ಮಾಡಿದ ಬೆಲಿಂಡಾ ಚಂದ್ರ ಹೊಸ ಜೊತೆಗಾತಿಯಾಗಿ ಬಂದಳು. ನರ್ಸ್. ಡಾಕ್ಟರ್ ಹೇಳಿದ್ದಕ್ಕೆಲ್ಲ ತಲೆಯಾಡಿಸದೆ, “ನನ್ನನ್ನು ಮನೆಗೆ ಬಿಡು” ಎಂದು ಪಟ್ಟು ಹಿಡಿದವಳು. ಎಂಥ ಪಾತ್ರ! ಕೊನೆಯ ಕಂತಿನಲ್ಲಿ ಅವಳನ್ನು ಮಗುವಿನ ಜೊತೆ ಒಂದು ಪೆಟ್ಟಿಗೆಯಂಥ ಕೋಣೆಯೊಳಗೆ ಕೂರಿಸಿ ಕದನವನ್ನೆಲ್ಲ ಹೊರಗೆ ಮುಗಿಸುತ್ತಾರೆ. ಹೊರಗೆ ಬರುವಾಗ ಅವಳ ಬದುಕೇ ಬೇರೆ ಆಗಿರುತ್ತದೆ. ಬೇಕಾ ಅಂತ ಅವಳನ್ನು ಯಾರೂ ಕೇಳಲಿಲ್ಲ. ಗಾಡಿಯ ಹುಡುಗಿಯ ಹೆಸರು ಕೇಳಿದ ಅದೇ ಲೇಖಕ ಇವರು, ಅಲ್ವಾ?

ಕಂತುಗಳ ಲೆಕ್ಕವೂ ಇದರಲ್ಲಿ ಸೇರಿದೆ. 2005ರ ಸೀಸನ್ನಿಗೆ 13 ಕಂತು. ಮೊಫಾಟ್ ಅವರಿಗೆ 12 ಅಥವಾ 13. 2018ರಲ್ಲಿ 10, 2021ರಲ್ಲಿ ಬರೀ 6, 2024 ಮತ್ತು 2025ರಲ್ಲಿ ಎಂಟೆಂಟು. 13 ಇದ್ದಾಗ ಆಗಿನ ಜೊತೆಗಾತಿ ರೋಸ್ ಟೈಲರ್‌ಳ ಮನೆ, ಅವಳಮ್ಮ, ಅವರ ಅಡುಗೆಮನೆ ಎಲ್ಲಕ್ಕೂ ಪುರುಸೊತ್ತಿತ್ತು. ಎಂಟರಲ್ಲಿ ಬೆಲಿಂಡಾಳ ಮನೆಯವರ ಪರಿಚಯವೇ ಸರಿಯಾಗಿ ಆಗಲಿಲ್ಲ. ಆದರೆ ‘ಮಿಡ್‌ನೈಟ್’ನ ಹುಡುಗಿಗೆ ಸಿಕ್ಕಿದ್ದು ಒಂದೇ ಕಂತು. ಅವಳನ್ನು ಮರೆಯಲು ಆಗುವುದಿಲ್ಲ. ಹಾಗಾಗಿ ತಪ್ಪನ್ನೆಲ್ಲ ಸಂಖ್ಯೆಯ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ.

ನನ್ನ ಆಯ್ಕೆ ಡೇವಿಸ್ ಅವರ ಮೊದಲ ಕಾಲ. ಹೊಸದಾಗಿ ನೋಡುವವರು 2005ರಿಂದಲೇ ಶುರು ಮಾಡಿ. ವಿಜಯನಗರದ ಗೆಳೆಯ ಈಗಲೂ ಮೊಫಾಟ್ ಪಕ್ಷ. ಮೊನ್ನೆ ಮನೆಗೆ ಬಂದಾಗ ಅಮ್ಮ ಅವನಿಗೆ ಕಾಫಿ ಕೊಟ್ಟು, ಮುಂದಿನ ಶನಿವಾರ ಯಾವುದು ಅಂತ ಕೇಳಿದರು. ಅವನು ಅಲ್ಲೇ ಕೂತು ‘ಬ್ಲಿಂಕ್’ ಹಾಕಿದ.