ಶಾಲೆಯಲ್ಲಿ ಕಲೆ: ಪ್ರತ್ಯೇಕ ತರಗತಿಯೋ, ಪಾಠದೊಳಗೆ ಬೆರೆತ ಕಲಿಕೆಯೋ?

ಮಕ್ಕಳಿಗೆ ಕಲೆಯನ್ನು ಪರಿಣತ ಶಿಕ್ಷಕರ ಪ್ರತ್ಯೇಕ ತರಗತಿಯಲ್ಲಿ ಕಲಿಸಬೇಕೇ, ಇತರ ಪಾಠಗಳೊಂದಿಗೆ ಬೆರೆಸಬೇಕೇ ಅಥವಾ ಆಗಾಗ ಕಲಾವಿದರನ್ನು ಕರೆಸಿದರೆ ಸಾಕೇ ಎಂದು ಕೇಳಿದ್ದೀರಿ. ಕಲೆ ಬೇಕೇ ಬೇಡವೇ ಎಂದು ಕೇಳದಿರುವುದು ನನಗೆ ಸಂತೋಷ ತಂದಿದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಕಲೆಯಲ್ಲಿ ಪಾಲ್ಗೊಳ್ಳುವುದನ್ನು ಮಗುವಿನ ಹಕ್ಕೆಂದೇ ಗುರುತಿಸಿದೆ.

ಕೌಶಲದ ಆಳದಲ್ಲಿ ಪ್ರತ್ಯೇಕ ತರಗತಿಯೇ ಮುಂದು. ಜಲವರ್ಣದಲ್ಲಿ ಕಾಗದ ಒದ್ದೆಯಿರುವಾಗಲೇ ಎರಡನೆಯ ಬಣ್ಣವಿಟ್ಟರೆ ಅಂಚು ಹರಡುತ್ತದೆ, ಒಣಗಿದ ಮೇಲಿಟ್ಟರೆ ಗೆರೆ ಖಚಿತವಾಗಿ ನಿಲ್ಲುತ್ತದೆ. ಇದು ಮಗುವಿನ ಕೈಗೆ ಹತ್ತಬೇಕಾದರೆ ವಾರವಾರವೂ ಅಭ್ಯಾಸ ನಡೆಯಬೇಕು, ತಪ್ಪನ್ನು ಅಲ್ಲಿಯೇ ಗುರುತಿಸಿ ತಿದ್ದುವವರೂ ಪಕ್ಕದಲ್ಲಿರಬೇಕು.

ಖರ್ಚಿನಲ್ಲಿ ಬೆರೆತ ಕಲಿಕೆ ಹಗುರ, ಏಕೆಂದರೆ ಅದಕ್ಕೆ ಹೊಸ ಹುದ್ದೆ ಬೇಡ, ತರಗತಿಯ ಶಿಕ್ಷಕರಿಗೆ ತರಬೇತಿ ಸಾಕು. ಕಾಗದವನ್ನು ಮಡಚಿ ಕತ್ತರಿಸಿ ಸಮಮಿತಿಯನ್ನು ಕಾಣುವ ಮಗು ಅದನ್ನು ಸುಲಭವಾಗಿ ಮರೆಯುವುದಿಲ್ಲ. ಆದರೆ ಪರೀಕ್ಷೆ ಹತ್ತಿರವಾದಂತೆ ಚಿತ್ರ ಬರೆಯುವ ಸಮಯವೇ ಮೊದಲು ಕಡಿತವಾಗುವ, ಕಲೆ ಗಣಿತಕ್ಕೆ ಬರಿಯ ಸಾಧನವಾಗಿ ಉಳಿಯುವ ಅಪಾಯವನ್ನು ಕಡೆಗಣಿಸಬಾರದು.

ಅತಿಥಿ ಕಲಾವಿದರ ಶಿಬಿರ ಉತ್ಸಾಹವನ್ನು ಮೂಡಿಸುತ್ತದೆ, ಅಭ್ಯಾಸವನ್ನಲ್ಲ.

ವೇಳಾಪಟ್ಟಿಯಲ್ಲಿ ಜಾಗವೂ ವೇತನಕ್ಕೆ ಹಣವೂ ಇರುವ ಶಾಲೆ, ಅದರಲ್ಲೂ ಹತ್ತು ವರ್ಷ ದಾಟಿದ ಮಕ್ಕಳಿಗೆ, ಪ್ರತ್ಯೇಕ ತರಗತಿಯನ್ನು ಆರಿಸಿಕೊಳ್ಳಲಿ. ಒಬ್ಬಿಬ್ಬರೇ ಶಿಕ್ಷಕರಿರುವ ಸಣ್ಣ ಶಾಲೆಗೂ ಕಿರಿಯ ಮಕ್ಕಳಿಗೂ ಬೆರೆತ ಕಲಿಕೆ ಹೊಂದುತ್ತದೆ. ಅಲ್ಲಿ ವರ್ಷಕ್ಕೆರಡು ಶಿಬಿರಗಳನ್ನು ಸೇರಿಸಿಕೊಂಡರೆ ಶಿಕ್ಷಕರಿಗೂ ಹೊಸದೊಂದು ಕಲಿತಂತಾಗುತ್ತದೆ.