ಆಟೋಮ್ಯಾಟಿಕ್ ಕಿಟಕಿ ಕೊಳ್ಳುವ ಮುಂಚೆ ಪ್ಲಗ್ ಕಿತ್ತು ನೋಡಿ

ನಮ್ಮ ಬ್ಯಾಡಗಿ, ಹಾವೇರಿ ಕಡೆ ಹಿತ್ತಲಲ್ಲೇ ಸಣ್ಣ ಪಾಲಿಹೌಸ್ (ಪ್ಲಾಸ್ಟಿಕ್ ಹಾಳೆ ಹೊದಿಸಿದ ಮನೆ) ಕಟ್ಟಿಕೊಂಡು ಮೆಣಸಿನ ಸಸಿ ಬೆಳೆಸುವವರು ಜಾಸ್ತಿ ಆಗಿದ್ದಾರೆ. ಅವರಿಗೆ ಆಟೋಮ್ಯಾಟಿಕ್ ಕಿಟಕಿ ಸೆಟ್ ಮಾರುವವರೂ ಹುಟ್ಟಿಕೊಂಡಿದ್ದಾರೆ. ಬಿಸಿ ಏರಿದರೆ ತಾನೇ ತೆರೆಯುತ್ತೆ, ತಂಪಾದರೆ ತಾನೇ ಮುಚ್ಚುತ್ತೆ ಅನ್ನೋ ಸೆಟ್. ಅಂಥದ್ದೊಂದನ್ನು ನಾನೂ ಹಾಕಿಸಿದ್ದೆ. ಮೇ ತಿಂಗಳಲ್ಲಿ 60 ಟ್ರೇ ಸಸಿ ಒಂದೇ ಹಗಲಲ್ಲಿ ಸತ್ತವು. ನೀವು ದುಡ್ಡು ಕೊಡುವ ಮುಂಚೆ ಇದನ್ನು ಓದಿ.

ನನ್ನದು 20 ಅಡಿ ಉದ್ದ, 10 ಅಡಿ ಅಗಲದ ಪಾಲಿಹೌಸ್. ಜಿಐ ಪೈಪ್, ಮೇಲೆ 200 ಮೈಕ್ರಾನ್ ಯುವಿ ಹಾಳೆ. 2021ರಲ್ಲಿ ಕಪ್ಪು ಥ್ರಿಪ್ಸ್ ಅನ್ನೋ ಸಣ್ಣ ಕೀಟ ಬಂದು ಮೆಣಸಿನ ಹೊಲಗಳ ಗತಿ ಏನಾಯ್ತು ಅಂತ ನಿಮಗೆಲ್ಲ ನೆನಪಿದೆ. ಆ ಹೆದರಿಕೆಗೆ ಪಕ್ಕದ ಪಟ್ಟಿಗೆ ಸಣ್ಣ ಕಣ್ಣಿನ ನೆಟ್ ಹಾಕಿದ್ದೇನೆ. ಕಣ್ಣು ಸಣ್ಣದಾದಷ್ಟೂ ಗಾಳಿ ಕಡಿಮೆ. ಮೇಲಿಂದ ರಸ್ತೆ ಧೂಳು ಬೇರೆ ಕೂರುತ್ತೆ. ಹಾಗಾಗಿ ಬಿಸಿ ಹೊರಗೆ ಹೋಗಬೇಕು ಅಂದ್ರೆ ನೆತ್ತಿಯ ಕಿಟಕಿಯೇ ಗತಿ.

ಆ ಕಿಟಕಿಗೆ ಹುಬ್ಬಳ್ಳಿಯ ಒಬ್ಬ ಮಾರಾಟಗಾರರಿಂದ 6,500 ರೂಪಾಯಿಗೆ ಸೆಟ್ ತಂದೆ. 12 ವೋಲ್ಟಿನ ರಾಡ್ ಮೋಟರ್, ಒಂದು ಕಂಟ್ರೋಲ್ ಡಬ್ಬಿ, ವೈರಿನ ತುದಿಗೆ ಸೆನ್ಸರ್. 32 ಡಿಗ್ರಿಗೆ ತೆರೆಯುತ್ತೆ, 29ಕ್ಕೆ ಮುಚ್ಚುತ್ತೆ. ಅವರೇ ಬಂದು ಕೂರಿಸಿದರು. “ನೀವು ಊರಾಗ ಇಲ್ಲಂದ್ರೂ ಚಿಂತಿ ಇಲ್ರೀ. ಬ್ಯಾಟರಿ ಬ್ಯಾಕಪ್ ಐತಿ, ಬಿಸಿ ಜಾಸ್ತಿ ಆದ್ರ ಮೊಬೈಲಿಗೆ ಮೆಸೇಜ್ ಬರ್ತೈತಿ” ಅಂದರು. ಆ ಮಾತಿಗೇ ನಾನು ತಗೊಂಡಿದ್ದು.

ಗದಗದಲ್ಲಿ ಮದುವೆ ಇತ್ತು, ಮನೆಮಂದಿಯೆಲ್ಲ ಹೋಗಿದ್ದೆವು. ಹಿಂದಿನ ಸಂಜೆ ಊರಲ್ಲಿ ಅಡ್ಡಮಳೆ ಬಂತು. ಮಳೆಗೆ ತಂಪಾಯಿತು, ಮೋಟರ್ ಕಿಟಕಿ ಮುಚ್ಚಿತು. ಅಲ್ಲಿವರೆಗೆ ಸರಿಯೇ. ಆಮೇಲೆ ಗಾಳಿ ಜೋರಾಗಿ ಟೊಂಗೆ ಮುರಿದು ಲೈನ್ ಮೇಲೆ ಬಿತ್ತು, ಕರೆಂಟು ಹೋಯ್ತು. ಮರುದಿನ ಮೋಡ ಇಲ್ಲ, ಚುರುಕು ಬಿಸಿಲು. ಕರೆಂಟು ಬಂದಿದ್ದು ಸಂಜೆಗೆ. ಅಷ್ಟು ಹೊತ್ತೂ ಕಿಟಕಿ ಮುಚ್ಚೇ ಇತ್ತು. ಮೊಬೈಲಿಗೆ ಮೆಸೇಜ್ ಎಲ್ಲಿಂದ ಬರಬೇಕು? ಡಬ್ಬಿ ಮಾತಾಡೋದು ಮನೆಯ ವೈಫೈ ಜೊತೆ. ಅದೂ ಅದೇ ಕರೆಂಟಿನ ಮೇಲೆ ನಡೆಯೋದು.

ವಾಪಸ್ ಬಂದು ಬಾಗಿಲು ತೆಗೆದಾಗ ಕನ್ನಡಕ ಮಂಜಾಯಿತು. ಹಾಳೆಯ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸಸಿಗಳು ಟ್ರೇ ಅಂಚಿನ ಮೇಲೆ ಒಂದೇ ಕಡೆ ಒರಗಿ ಬೇಯಿಸಿದ ಸೊಪ್ಪಿನ ಹಾಗೆ ಮಲಗಿದ್ದವು. ಒಂದನ್ನು ಎತ್ತಿದೆ, ಎಲೆ ಬೆರಳಿಗೆ ಅಂಟಿಕೊಂಡು ಬಂತು. ಬುಡದಲ್ಲಿ ಕಾಂಡ ನೀರುನೀರಾಗಿ ಕಂದು ತಿರುಗಿತ್ತು. ಟ್ರೇಯೊಳಗಿನ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮುಟ್ಟಿ ನೋಡಿದೆ, ಇನ್ನೂ ಹಸಿಯಾಗೇ ಇತ್ತು. ನೀರು ಸಾಲದೆ ಬಾಡಿದ್ದಲ್ಲ, ಬಿಸಿಗೇ ಹೋಗಿದ್ದು. 98 ಕುಳಿಯ ಟ್ರೇ ಅವು, ಲೆಕ್ಕ ನೀವೇ ಹಾಕಿ. ಹೊಲಕ್ಕೆ ಹಚ್ಚೋ ಹೊತ್ತಿಗೆ ಸಸಿ ಬೇರೆಯವರ ಹತ್ತಿರ ಕೊಳ್ಳಬೇಕಾಯಿತು.

ಸ್ಕ್ರೂಡ್ರೈವರ್ ತಗೊಂಡು ಡಬ್ಬಿ ಬಿಚ್ಚಿದೆ. ಒಳಗೆ ಒಂದು ಬೋರ್ಡ್, ಒಂದು 12 ವೋಲ್ಟ್ ಅಡಾಪ್ಟರ್, ಬ್ಯಾಟರಿ ಅಂತ ಬರೆದಿದ್ದ ಎರಡು ಖಾಲಿ ಟರ್ಮಿನಲ್. ಬ್ಯಾಟರಿ ಇಲ್ಲ! ಫೋನ್ ಮಾಡಿದರೆ ಅವರ ಉತ್ತರ: “ಬ್ಯಾಟರಿ ಹಚ್ಚಾಕ ಜಾಗ ಕೊಟ್ಟೇವಲ್ರೀ ಸರ. ಬ್ಯಾಟರಿ ನೀವ ತಗೋಬೇಕು.” ಹೀಗೆ ನೋಡಿದರೆ ನನ್ನ ಹಿತ್ತಲಲ್ಲಿ ಟ್ರ್ಯಾಕ್ಟರೂ ಇದೆ, ನಿಲ್ಲಿಸೋಕೆ ಜಾಗ ಇದೆಯಲ್ಲ.

ಈ ರಾಡ್ ಮೋಟರಿನ ಒಳಗೆ ಇರೋದು ಸ್ಕ್ರೂ. ಕರೆಂಟು ಹೋದರೆ ಅದು ತೆರೆಯೋದೂ ಇಲ್ಲ, ಮುಚ್ಚೋದೂ ಇಲ್ಲ, ಎಲ್ಲಿದೆಯೋ ಅಲ್ಲೇ ಗಟ್ಟಿಯಾಗಿ ಹಿಡಿದು ನಿಲ್ಲುತ್ತೆ. ಮುಚ್ಚಿದಾಗ ಕರೆಂಟು ಹೋದರೆ ಸಸಿ ಬೇಯುತ್ತೆ. ತೆರೆದಾಗ ಹೋಗಿ ಗಾಳಿ ಎದ್ದರೆ ಹಾಳೆ ಹರಿಯುತ್ತೆ. ಮಾರುವವರು ಇದನ್ನು ಹೇಳೋದಿಲ್ಲ. ಅಂಗಡಿಯಲ್ಲೇ, ಅವರ ಎದುರಿಗೇ, ಸೆನ್ಸರನ್ನು ಕೈಯಲ್ಲಿ ಹಿಡಿದು ಬಿಸಿ ಮಾಡಿ, ರಾಡ್ ಚಲಿಸುತ್ತಿರುವಾಗ ಪ್ಲಗ್ ಕೀಳಿ. ರಾಡ್ ನಿಂತರೆ ಬ್ಯಾಕಪ್ ಇಲ್ಲ ಅಂತಲೇ ಅರ್ಥ, ಅವರು ಏನು ಹೇಳಿದರೂ.

ಸೆನ್ಸರ್ ವಿಷಯವೂ ಇದೆ. ಅವರು ಅದನ್ನು ಬಾಗಿಲ ಪಕ್ಕ, ನೆಲದ ಹತ್ತಿರ ಕಟ್ಟಿ ಹೋಗಿದ್ದರು. ವೈರ್ ಅಷ್ಟೇ ಉದ್ದ ಇತ್ತಂತೆ. ಬಿಸಿ ಗಾಳಿ ಮೇಲೇರುತ್ತೆ, ಸೆನ್ಸರ್ ಕೆಳಗಿನ ತಂಪು ನೋಡ್ತಾ ಕೂತಿರುತ್ತೆ. ಆಮೇಲೆ ನಾನು ಗೋಡೆ ಥರ್ಮಾಮೀಟರ್ ಇಟ್ಟು ನೋಡಿದಾಗ ಡಬ್ಬಿ 34 ತೋರಿಸುತ್ತಿತ್ತು, ನೆತ್ತಿಯಲ್ಲಿ 44 ಇತ್ತು. ಹಾಗಂತ ಬಿಸಿಲಿಗೆ ಕಟ್ಟಿದರೂ ತಪ್ಪು. ಆಗ ಅದು ಗಾಳಿಯದ್ದಲ್ಲ, ತನ್ನದೇ ಬಿಸಿ ಹೇಳುತ್ತೆ. ಟ್ರೇಗಳ ನಡುವೆ, ಸಸಿ ಎತ್ತರದಲ್ಲಿ, ನೆರಳಲ್ಲಿ ಇರಬೇಕು.

ಕಿಟಕಿಯ ಅಳತೆಯನ್ನಂತೂ ಯಾರೂ ಕೇಳಲೇ ಇಲ್ಲ. ಗಾಳಿ ಆಡುವ ಜಾಗ ಒಟ್ಟು ನೆಲದ ಅಳತೆಯ ಶೇ. 20 ಆದರೂ ಇರಬೇಕು, ನಮ್ಮ ಬಿಸಿಲಿಗೆ ಇನ್ನೂ ಜಾಸ್ತಿ ಇದ್ದರೆ ಒಳ್ಳೆಯದು. ನನ್ನ 200 ಚದರ ಅಡಿಗೆ ಅಂದ್ರೆ 40 ಚದರ ಅಡಿ. ಅವರು ಮೋಟರ್ ಎತ್ತುವಷ್ಟು ಮಾಡಿಕೊಟ್ಟಿದ್ದು 8 ಅಡಿಗೆ 2 ಅಡಿ, 16 ಚದರ ಅಡಿ.

ಕರೆಂಟೇ ಬೇಡದ ಮೇಣದ ಸಿಲಿಂಡರ್ ಆನ್‌ಲೈನಲ್ಲಿ ಸಿಗುತ್ತೆ ಅಂತ ಕೆಲವರು ಹೇಳಿದರು. ಸಿಲಿಂಡರಿನೊಳಗಿನ ಮೇಣ ಬಿಸಿಗೆ ಹಿಗ್ಗಿ ರಾಡನ್ನು ತಳ್ಳುತ್ತೆ, ತಣ್ಣಗಾದರೆ ಸ್ಪ್ರಿಂಗ್ ಎಳೆದುಕೊಳ್ಳುತ್ತೆ. ಉಪಾಯವೇನೋ ಚೆನ್ನಾಗಿದೆ. ಆದರೆ ಅವು ಚಳಿ ದೇಶಕ್ಕೆ ಮಾಡಿದವು, ಸಾಮಾನ್ಯವಾಗಿ 15ರಿಂದ 25 ಡಿಗ್ರಿ ಒಳಗೇ ತೆರೆಯೋಕೆ ಶುರುಮಾಡುತ್ತವೆ. ನಮ್ಮಲ್ಲಿ ಬೇಸಿಗೆಯಲ್ಲಿ ರಾತ್ರಿಯೂ ಪೂರ್ತಿ ಮುಚ್ಚೋದು ಅಪರೂಪ. ಎತ್ತೋದು ಏಳು ಕಿಲೋ ಆಸುಪಾಸು. ಅಡ್ಡಮಳೆಯ ಗಾಳಿಗೆ ತೆರೆದ ಕಿಟಕಿಯನ್ನು ಹಿಡಿದಿಡುವ ತಾಕತ್ತು ಅದಕ್ಕಿಲ್ಲ. ಸುಮ್ನೆ ದುಡ್ಡು ಹಾಕಬೇಡಿ.

ಈಗ ನಾನು ಬೇಸಿಗೆಗೆ ಪಕ್ಕದ ಹಾಳೆ ಪೂರ್ತಿ ಸುತ್ತಿ ಎತ್ತಿಬಿಟ್ಟಿದ್ದೇನೆ, ಬರೀ ನೆಟ್ ಇದೆ, ಆಗಾಗ ನೀರು ಹೊಡೆದು ಧೂಳು ತೊಳೆಯುತ್ತೇನೆ. ನೆತ್ತಿಯಲ್ಲಿ ಮೋಟರಿಗೆ ಸಂಬಂಧವೇ ಇಲ್ಲದ, ಯಾವಾಗಲೂ ತೆರೆದಿರುವ ಒಂದು ಸಂದು ಬಿಟ್ಟು, ಮಳೆ ಬೀಳದ ಹಾಗೆ ಮೇಲೆ ಹಾಳೆಯ ಮಡಿಕೆ ಹಾಕಿಸಿದ್ದೇನೆ. 50 ಪರ್ಸೆಂಟ್ ಶೇಡ್ ನೆಟ್ ಹಾಳೆಯ ಒಳಗಲ್ಲ, ಹೊರಗೆ ಮೇಲೆ ಕಟ್ಟಿದೆ. ಬಿಸಿಲು ಒಳಗೆ ಬರುವ ಮುಂಚೆಯೇ ತಡೆದರೆ ಲಾಭ. ಮೋಟರ್ ಕಿತ್ತಿಲ್ಲ. ಅದಕ್ಕೆ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ ಮತ್ತು ಚಾರ್ಜರ್ ಹಾಕಿದೆ. ಮೋಟರ್ ಒಂದು ಸಲಕ್ಕೆ ಓಡೋದು ಒಂದು ನಿಮಿಷವೂ ಇಲ್ಲ, ಅಷ್ಟಕ್ಕೆ ಈ ಬ್ಯಾಟರಿ ಧಾರಾಳ.

ಮಾರಾಟಗಾರರು ಸಸಿಗೆ ಒಂದು ರೂಪಾಯಿಯನ್ನೂ ಕೊಡಲಿಲ್ಲ. ಬಿಲ್ಲಲ್ಲಿ ಬರೆದಿದ್ದು “ಮೋಟರಿಗೆ ಒಂದು ವರ್ಷ” ಅಂತ ಮಾತ್ರ, ಮೋಟರ್ ಚೆನ್ನಾಗೇ ಇದೆ ಅಂತ ಅವರ ವಾದ. ನೀವು ತಗೊಳ್ಳೋದಾದರೆ ಬ್ಯಾಟರಿಯ ವೋಲ್ಟ್, ಆಂಪಿಯರ್ ಅವರ್ ಸಮೇತ ಬಿಲ್ಲಲ್ಲಿ ಬರೆಸಿಕೊಳ್ಳಿ. ಬರೆಯೋಕೆ ಹಿಂದೆಮುಂದೆ ನೋಡಿದರೆ ಬೇರೆ ಅಂಗಡಿ ನೋಡಿ.