ಆಯಿಲ್ ಕುಡಿಯುವ ಟರ್ಬೊ ಎಂಜಿನ್: ದಪ್ಪ ಆಯಿಲ್, ಕ್ಯಾಚ್ ಕ್ಯಾನ್, ಪಿಸಿವಿ – ಡಿಪ್‌ಸ್ಟಿಕ್ ಯಾವುದಕ್ಕೆ ಒಪ್ಪಿತು?

ಟರ್ಬೊ ಪೆಟ್ರೋಲ್ ಎಂಜಿನ್ ಆಯಿಲ್ ಕುಡಿಯತೊಡಗಿದರೆ ಸಿಗುವ ಸಲಹೆ ಹೆಚ್ಚುಕಡಿಮೆ ಮೂರೇ: ದಪ್ಪ ಆಯಿಲ್ ಹಾಕಿ, ಕ್ಯಾಚ್ ಕ್ಯಾನ್ (ಎಂಜಿನ್ ಆವಿಯಲ್ಲಿನ ಆಯಿಲನ್ನು ಹಿಡಿದಿಡುವ ಡಬ್ಬಿ) ಕೂರಿಸಿ, ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಆವಿಯನ್ನು ಹೊರಬಿಡುವ ಕವಾಟ) ಬದಲಿಸಿ. ಒಂದೇ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿನಲ್ಲಿ ಇವನ್ನು ಒಂದಾದ ಮೇಲೊಂದರಂತೆ ಹಾಕಿ ಅಳೆದಾಗ ಕಂಡದ್ದು ಇಲ್ಲಿದೆ.

ಮೊದಲು ಅಳತೆ, ಅದು ತಪ್ಪಿದರೆ ಹೋಲಿಕೆಯೇ ಸುಳ್ಳು. ಆಯಿಲ್ ಪೂರ್ತಿ ಬಿಸಿಯಾದ ಮೇಲೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, 10 ನಿಮಿಷ ಕಾದು ಡಿಪ್‌ಸ್ಟಿಕ್ (ಆಯಿಲ್ ಮಟ್ಟದ ಅಳತೆಕಡ್ಡಿ) ನೋಡಬೇಕು. ಪ್ರತಿ ಸಲವೂ ಅದೇ ಜಾಗ, ಅಷ್ಟೇ ಹೊತ್ತು. ಕನಿಷ್ಠ 1000 ಕಿ.ಮೀ. ಓಡಿಸಿ, ಮೊದಲಿನ ಮಟ್ಟಕ್ಕೆ ತರಲು ಸುರಿದ ಆಯಿಲನ್ನು ತೂಗಬೇಕು. ಸುಮಾರು 850 ಗ್ರಾಂ ಎಂದರೆ ಒಂದು ಲೀಟರ್. ಸಣ್ಣ ಓಡಾಟದ ಕಾರಿನಲ್ಲಿ ಪೆಟ್ರೋಲ್ ಆಯಿಲಿಗೆ ಸೇರಿ ಮಟ್ಟ ಇಳಿಯದಂತೆಯೇ ಕಾಣುತ್ತದೆ. ಹೆದ್ದಾರಿಯಲ್ಲಿ ಆ ಪೆಟ್ರೋಲ್ ಆವಿಯಾದ ದಿನ ಒಮ್ಮೆಲೇ ಅರ್ಧ ಲೀಟರ್ ಮಾಯ! ಹಾಗಾಗಿ ಊರೊಳಗಿನ ಓಟ, ಹೆದ್ದಾರಿ ಓಟ ಎರಡೂ ಪ್ರತಿ ಸುತ್ತಿನಲ್ಲಿ ಒಂದೇ ಪ್ರಮಾಣದಲ್ಲಿರಲಿ.

5ಡಬ್ಲ್ಯೂ-30 ದರ್ಜೆಯ ಆಯಿಲಿನಿಂದ ಅದಕ್ಕಿಂತ ದಪ್ಪನೆಯ 5ಡಬ್ಲ್ಯೂ-40ಕ್ಕೆ ಹೋದಾಗ ಸುರಿಯಬೇಕಾದ ಆಯಿಲ್ ಸ್ಪಷ್ಟವಾಗಿ ಕಡಿಮೆಯಾಯಿತು. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ದರ್ಜೆಯ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸ್, 40ರದ್ದು 12.5ರಿಂದ 16.3. ಆದರೆ ಡಬ್ಬಿಯ ಮೇಲಿನ ಈ ಸಂಖ್ಯೆಯಷ್ಟೇ ಮುಖ್ಯವಾದದ್ದು ನೋಆಕ್ ಅಂಕಿ, ಅಂದರೆ 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟಾಗ ಎಷ್ಟು ಪಾಲು ಆವಿಯಾಗುತ್ತದೆ ಎಂಬುದು. ಯುರೋಪಿನ ವಾಹನ ತಯಾರಕರ ಒಕ್ಕೂಟ ಎಸಿಇಎಯ ಸಿ3 ಮಾನದಂಡದಲ್ಲಿ ಇದರ ಮಿತಿ ಶೇ. 13. ಶೇ. 9ರ 5ಡಬ್ಲ್ಯೂ-30, ಶೇ. 13ರ 5ಡಬ್ಲ್ಯೂ-40ಕ್ಕಿಂತ ಕಡಿಮೆ ಖರ್ಚಾಗುವುದೂ ಉಂಟು. ತಾಂತ್ರಿಕ ವಿವರದ ಹಾಳೆ ಓದದೆ ದರ್ಜೆ ನೋಡಿ ಮಾತ್ರ ಕೊಳ್ಳುವುದು ಕುರುಡು ಜೂಜು. ಪೆಟ್ರೋಲ್ ಪಾರ್ಟಿಕ್ಯುಲೇಟ್ ಫಿಲ್ಟರ್ (ಹೊಗೆಯ ಮಸಿ ಹಿಡಿಯುವ ಸೋಸುಕ) ಇರುವ ಕಾರಿಗೆ 5ಡಬ್ಲ್ಯೂ-40ರಲ್ಲೂ ಸಿ3ಯನ್ನೇ ಆರಿಸಬೇಕು. ಆಯಿಲ್ ಉರಿದಾಗ ಉಳಿಯುವ ಬೂದಿಗೆ ಅದರ ಮಿತಿ ಶೇ. 0.8. ಎಸಿಇಎಯ ಇನ್ನೊಂದು ದರ್ಜೆಯಾದ ಎ3/ಬಿ4 ಆಯಿಲಿನ ಬೂದಿ ಹೆಚ್ಚು, ಅದು ಫಿಲ್ಟರಿನಲ್ಲಿ ಕೂತುಬಿಡುತ್ತದೆ.

10ಡಬ್ಲ್ಯೂ-60? ಖರ್ಚು ಇನ್ನೂ ಸ್ವಲ್ಪ ಇಳಿಯಿತು, ಆದರೆ 30ರಿಂದ 40ಕ್ಕೆ ಬಂದಾಗಿನಷ್ಟು ಲಾಭವಿಲ್ಲ. ಬದಲಿಗೆ ಬಂದದ್ದು ನಿಧಾನವಾಗಿ ಬಿಸಿಯಾಗುವ ಎಂಜಿನ್ ಮತ್ತು ತಣ್ಣಗಿದ್ದಾಗ ತಡವರಿಸುವ ವಾಲ್ವ್ ಟೈಮಿಂಗ್. ಮೀಟರಿನಲ್ಲಿ ಪ್ರೆಶರ್ ಏರಿದ್ದು ಕಂಡು ಖುಷಿಪಡುವವರಿದ್ದಾರೆ, ಆದರೆ ಪ್ರೆಶರ್ ಬೇರೆ, ಹರಿವು ಬೇರೆ. ತಯಾರಕರೇ ಹೇಳಿಲ್ಲದಿದ್ದರೆ ರಸ್ತೆಯ ಕಾರಿಗೆ ಇದು ಬೇಡ.

ಕ್ಯಾಚ್ ಕ್ಯಾನ್ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಕ್ಯಾನಿನಲ್ಲಿ ಆಯಿಲ್ ತುಂಬಿದ್ದು ಕಂಡು "ಉಳಿಯಿತು" ಅಂದುಕೊಳ್ಳುತ್ತಾರೆ. ಉಳಿದದ್ದು ಇಂಟೇಕ್ ವಾಲ್ವ್ ಮತ್ತು ಇಂಟರ್‌ಕೂಲರ್, ಆಯಿಲ್ ಅಲ್ಲ. ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಹಿಂತಿರುಗುವ ವ್ಯವಸ್ಥೆ ಇಲ್ಲದ ಕ್ಯಾನಿನಲ್ಲಿ ಡಿಪ್‌ಸ್ಟಿಕ್ ಮೊದಲಿನಷ್ಟೇ ಇಳಿಯುತ್ತದೆ. ನೀರು, ಪೆಟ್ರೋಲ್ ಬೆರೆತು ಹಾಲಿನಂತಾದ ಆ ದ್ರವವನ್ನು ಎಂಜಿನ್ನಿಗೆ ವಾಪಸ್ ಸುರಿಯುವ ಮಾತೇ ಇಲ್ಲ. ಒಳಗೆ ಅಡ್ಡತಟ್ಟೆ ಅಥವಾ ಉಕ್ಕಿನ ಜಾಲರಿ ಇಲ್ಲದ ಕ್ಯಾನ್ ಬರೀ ಖಾಲಿ ಡಬ್ಬಿ. ಕಾರ್ಬನ್ ಕಟ್ಟದಿರಲಿ ಎಂದಾದರೆ ಒಳ್ಳೆಯ ಕ್ಯಾನ್ ಕೂರಿಸಿ, ಆದರೆ ಆಯಿಲ್ ಖರ್ಚಿಗೆ ಇದು ಮದ್ದಲ್ಲ.

ಗೆದ್ದದ್ದು ಪಿಸಿವಿ, ಅದೂ ದೊಡ್ಡ ಅಂತರದಿಂದ. ಟರ್ಬೊ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಕೆಳಗಿನ ಕೋಣೆಯ) ಆವಿಗೆ ಎರಡು ದಾರಿ: ಐಡಲಿನಲ್ಲಿ ಇಂಟೇಕ್ ಮ್ಯಾನಿಫೋಲ್ಡಿಗೆ, ಬೂಸ್ಟ್ (ಟರ್ಬೊ ಒತ್ತಡ) ಬಂದಾಗ ಟರ್ಬೊಗೆ ಗಾಳಿ ತರುವ ಪೈಪಿಗೆ. ನಡುವಿನ ಚೆಕ್ ವಾಲ್ವ್ ಸೋರಿದರೆ ಬೂಸ್ಟ್ ಗಾಳಿ ನೇರ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತದೆ. ಟರ್ಬೊದಿಂದ ಆಯಿಲ್ ಕೆಳಗಿಳಿಯುವುದು ಬರೀ ತನ್ನ ಭಾರದಿಂದ. ಕೆಳಗೆ ಒತ್ತಡವಿದ್ದರೆ ಅದು ಟರ್ಬೊದಲ್ಲೇ ನಿಂತು, ಶಾಫ್ಟಿನ ಉಂಗುರ ಸೀಲ್ ದಾಟಿ ಕಂಪ್ರೆಸರ್ ಇಲ್ಲವೇ ಎಕ್ಸಾಸ್ಟ್ ಕಡೆಗೆ ಹೋಗುತ್ತದೆ. ಪಿಸಿವಿಯೊಳಗಿನ ಡಯಾಫ್ರಂ (ತೆಳು ಪೊರೆ) ಹರಿದರೆ ಇದರ ತದ್ವಿರುದ್ಧ: ಮ್ಯಾನಿಫೋಲ್ಡಿನ ನಿರ್ವಾತವೇ ಆಯಿಲನ್ನು ಹೀರಿಕೊಳ್ಳುತ್ತದೆ. ಐಡಲಿನಲ್ಲಿ ಶಿಳ್ಳೆಯಂಥ ಸದ್ದು, ಆಯಿಲ್ ಮುಚ್ಚಳ ಎಳೆದರೂ ಬಾರದಿರುವುದು ಇದರ ಗುರುತು. ಡಿಪ್‌ಸ್ಟಿಕ್ ಕೊಳವೆಗೆ ಒತ್ತಡ ಅಳೆಯುವ ಮ್ಯಾನೋಮೀಟರ್ ಜೋಡಿಸಿ, ಆ ಎಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್ ಹೇಳುವ ಅಂಕಿಯೊಂದಿಗೆ ಹೋಲಿಸಿದರೆ ಅನುಮಾನ ಉಳಿಯದು. ಹೊಸ ವಾಲ್ವ್ ಬಿದ್ದ ಮೇಲೆ ಅದೇ 5ಡಬ್ಲ್ಯೂ-30ರಲ್ಲೇ ಖರ್ಚು, ಹಿಂದೆ 10ಡಬ್ಲ್ಯೂ-60 ಮುಟ್ಟಿದ್ದಕ್ಕಿಂತಲೂ ಕೆಳಗಿಳಿಯಿತು.

ಇಷ್ಟಾದರೂ ಇಳಿಯದಿದ್ದರೆ ಟರ್ಬೊ ಅನ್ನು ದೂರುವ ಮೊದಲು ಇಂಟೇಕ್ ಪೈಪ್ ಬಿಚ್ಚಿ ನೋಡಿ. ತೆಳು ಪದರ ಸಹಜ, ಕೊಚ್ಚೆಯಂತೆ ನಿಂತಿದ್ದರೆ ಅಲ್ಲ. ಶಾಫ್ಟ್ ಅಡ್ಡಕ್ಕೆ ತುಸು ಆಡಬಹುದು, ಹಿಂದೆ-ಮುಂದೆ ಕೈಗೆ ತಿಳಿಯುವಷ್ಟು ಆಡಬಾರದು. ಟರ್ಬೊ ಒಣಗಿದ್ದು, ಸ್ಪಾರ್ಕ್ ಪ್ಲಗ್‌ಗಳು ಮಾತ್ರ ಆಯಿಲಿನಿಂದ ಒದ್ದೆಯಾಗಿದ್ದರೆ ಪಿಸ್ಟನ್ನಿನ ಆಯಿಲ್ ರಿಂಗ್ ಅಂಟಿರಬಹುದು, ವಾಲ್ವ್ ಸೀಲ್ ಸವೆದಿರಬಹುದು. ಆಗ ಸಿಲಿಂಡರಿಗೆ ದ್ರಾವಕ ಸುರಿದು ನೆನೆಹಾಕುವವರು, ಪ್ಲಗ್ ಬಿಚ್ಚಿ ಇಂಧನ ನಿಲ್ಲಿಸಿಯೇ ಎಂಜಿನ್ ತಿರುಗಿಸಬೇಕು. ದ್ರವ ಒಳಗಿರುವಾಗ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಮೇಲೆ ಆಯಿಲ್ ಮತ್ತು ಫಿಲ್ಟರ್ ಬದಲಿಸಲೇಬೇಕು.

ಮಟ್ಟವನ್ನು ಎರಡು ಗೆರೆಗಳ ನಡುವೆ, ಮೇಲಿನ ಗೆರೆಗೆ ತುಸು ಕೆಳಗೇ ಇಡಿ. ಗೆರೆ ದಾಟಿ ತುಂಬಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ಆ ನೊರೆ ಮತ್ತೆ ಪಿಸಿವಿ ದಾರಿಯಲ್ಲೇ ಹೋಗುತ್ತದೆ.